ಅರ್ಧ ವಾಟಿನ ದನಿ

ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಸ್ವಗೃಹದಲ್ಲಿಯೇ 30 ವಾಟಿನ ಪ್ರೇಷಕಯಂತ್ರವೊಂದನ್ನು ಹೂಡಿ, ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಾರವನ್ನಾರಂಭಿಸಿದ ಸಂಗತಿ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಆ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಮನೆಯ ಕೊಠಡಿಯಿಂದ ಗಗನಕ್ಕೆ ಸಂದೇಶ ಕಳುಹಬೇಕೆಂಬ ಆಸೆ ಅದೇ ಊರಿನವನಾದ ನನ್ನಲ್ಲಿ ಬೇರೂರಿದುದು ಈ ವೃತ್ತಾಂತವನ್ನು ಕೇಳಿದಂದಿನಿಂದ. ಆದರೆ ನಾನು ಕಟ್ಟಿದ ಯಂತ್ರದ ಶಕ್ತಿ ಅದರ ಅರುವತ್ತರಲ್ಲೊಂದು ಪಾಲು, ಕೇವಲ ಅರ್ಧ ವಾಟು. ಹಳೆಯ ಕೈದೀಪದ ಬುರುಡೆಗೂ ಇದಕ್ಕಿಂತ ಹೆಚ್ಚು ಬೇಕು.

“ಇಷ್ಟು ಸಣ್ಣದಕ್ಕೂ ಸರಕಾರದ ಅನುಮತಿಯೇ?” ಎಂದು ಮಿತ್ರರೊಬ್ಬರು ನಕ್ಕರು. ಪ್ರಶ್ನೆ ಸಹಜವಾದುದೇ. ಒಂದು ಟ್ರಾನ್ಸಿಸ್ಟರು, ಒಂದು ಸುರುಳಿ, ನಾಲ್ಕಾರು ಕೆಪಾಸಿಟರುಗಳಿದ್ದರೆ ಎಫ್.ಎಂ. ಪಟ್ಟಿಯಲ್ಲಿ ದನಿ ಹೊರಡಿಸಬಹುದು. ಹುಡುಗರು ಆಟಕ್ಕೆಂದು ಕಟ್ಟುವುದೂ ಉಂಟು. ಆದರೆ ಬರಿಯ ಸುರುಳಿಯನ್ನೂ ಕೆಪಾಸಿಟರನ್ನೂ ನಂಬಿದ ಆವೃತ್ತಿಯು ನಿಂತಲ್ಲಿ ನಿಲ್ಲುವುದಲ್ಲ. ಕೈ ಹತ್ತಿರ ಬಂದರೆ ಜಾರುತ್ತದೆ, ಬ್ಯಾಟರಿ ಇಳಿದರೆ ಜಾರುತ್ತದೆ, ಬಿಸಿಲೇರಿದರೆ ಜಾರುತ್ತದೆ. ಆ ಪಟ್ಟಿಯ ಮೇಲಂಚು 108 ಮೆಗಾಹರ್ಟ್ಸ್. ಅದನ್ನು ದಾಟಿದೊಡನೆ ವಿಮಾನಗಳಿಗೆ ದಾರಿ ತೋರುವ ಸಂಕೇತಗಳ ಠಾವು. ಅಲ್ಲಿಗೆ ಅಪರಿಚಿತ ದನಿಯೊಂದು ನುಗ್ಗಿದರೆ, ಅದು ಯಾರ ಮನೆಯ ಅಟ್ಟದಿಂದ ಬಂದುದೆಂದು ವಿಮಾನಚಾಲಕನು ಬಲ್ಲನೆ? ಆದುದರಿಂದ ಹವ್ಯಾಸಿ ನಿಸ್ತಂತುವಿನ ಪರೀಕ್ಷೆಯನ್ನು ಕಟ್ಟಿ, ಪರವಾನಗಿ ಕೈಸೇರಿದ ತರುವಾಯವೇ ನಾನು ಬೆಸುಗೆಯ ಸಲಾಕೆಯನ್ನು ಹಿಡಿದುದು.

ನಾನು ಆರಿಸಿಕೊಂಡುದು ಹವ್ಯಾಸಿಗಳಿಗೆ ಸಲ್ಲುವ 7 ಮೆಗಾಹರ್ಟ್ಸಿನ ಪಟ್ಟಿ. ಆವೃತ್ತಿಯನ್ನು ಕಾಯುವ ಹೊಣೆ ಒಂದು ಸ್ಫಟಿಕದ್ದು. ಆ ತೆಳ್ಳನೆಯ ಬಿಲ್ಲೆ ಸೆಕೆಂಡಿಗೆ ಎಪ್ಪತ್ತು ಲಕ್ಷ ಸಲ ಕಂಪಿಸುತ್ತದೆ. ತನ್ನ ದಪ್ಪವು ಗೊತ್ತುಮಾಡಿದ ಲೆಕ್ಕವನ್ನು ಬಿಟ್ಟು ಸುಲಭವಾಗಿ ಕದಲದು. ಒಂದು ಟ್ರಾನ್ಸಿಸ್ಟರು ಈ ಕಂಪನವನ್ನು ನಿಲ್ಲದಂತೆ ನೋಡಿಕೊಳ್ಳುತ್ತದೆ, ಇನ್ನೊಂದು ಅದನ್ನು ಬಲಗೊಳಿಸುತ್ತದೆ. ಇಲ್ಲಿಗೆ ಕೆಲಸ ಮುಗಿಯಿತೆನ್ನುವವರುಂಟು. ನನ್ನ ಮತ ಬೇರೆ. ಬಲಗೊಂಡ ಅಲೆಯ ಜೊತೆಗೆ ಅದರ ಇಮ್ಮಡಿ ಮುಮ್ಮಡಿಗಳೂ, ಎಂದರೆ 14, 21 ಮೆಗಾಹರ್ಟ್ಸಿನವೂ, ಕರೆಯದೆ ಬಂದ ನೆಂಟರಂತೆ ಹೊರಡುತ್ತವೆ. ಇವನ್ನು ತಡೆಯಲು ಸಣ್ಣ ಉಂಗುರಗಳ ಮೇಲೆ ತಂತಿ ಸುತ್ತಿ ಶೋಧಕವೊಂದನ್ನು ರಚಿಸಬೇಕು. ಮಿಕ್ಕ ಯಂತ್ರವೆಲ್ಲ ಒಂದು ಸಂಜೆಯಲ್ಲಿ ಮುಗಿಯಿತು. ಶೋಧಕಕ್ಕೆ ಮೂರು ಸಂಜೆ ಹಿಡಿಯಿತು. ಸುತ್ತುಗಳನ್ನು ಒತ್ತಿದರೆ ಒಂದು ಬೆಲೆ, ಸಡಿಲಿಸಿದರೆ ಮತ್ತೊಂದು! ಅಳತೆ ಮಾಡುವಾಗ ಆಂಟೆನಾದ ಬದಲು 50 ಓಮಿನ ನಿರೋಧಕವನ್ನು ಜೋಡಿಸಿದೆನು. ಹೊರಟ ಶಕ್ತಿಯೆಲ್ಲ ಅದನ್ನು ಬೆಚ್ಚಗೆ ಮಾಡಿ ಅಲ್ಲಿಯೇ ಅಡಗಿತು.

ಕಡೆಗೆ ತಾರಸಿಯಿಂದ ತೆಂಗಿನ ಮರದವರೆಗೆ, ನಡುವೆ ಕಡಿದು ಎರಡು ತೋಳು ಮಾಡಿದ 20 ಮೀಟರು ತಂತಿಯನ್ನು ಕಟ್ಟಿದೆನು. 7 ಮೆಗಾಹರ್ಟ್ಸಿನ ಅಲೆಯುದ್ದ ಸುಮಾರು 43 ಮೀಟರು. ಅದರ ಅರ್ಧಕ್ಕೆ ಇದು ತುಸು ಕಡಿಮೆ. ಮೋರ್ಸ್ ಸಂಕೇತದ ಚುಕ್ಕೆಗೆರೆಗಳಲ್ಲಿ ಎರಡು ದಿನ ಕರೆದರೂ ಉತ್ತರವಿಲ್ಲ. “ಕೈಯಲ್ಲಿ ಮೊಬೈಲಿದೆಯಲ್ಲ, ಯಾರಿಗೆ ಏನು ಹೇಳಬೇಕಾಗಿತ್ತು?” ಎಂದು ಮನೆಯಾಕೆ ಕೇಳಿದಳು. ಮೂರನೆಯ ದಿನ ಬೆಳಗಿನಲ್ಲಿ ಮಧುರೆಯ ಹವ್ಯಾಸಿಯೊಬ್ಬರು ನನ್ನ ಕರೆಸಂಕೇತವನ್ನು ಮರಳಿ ನುಡಿದರು. ನನ್ನ ಅಲೆಯು ಅಯಾನಮಂಡಲದವರೆಗೆ ಏರಿ, ಸುಮಾರು ಮುನ್ನೂರು ಕಿಲೋಮೀಟರು ದೂರದ ಅವರ ಅಂಗಳಕ್ಕೆ ಇಳಿದಿತ್ತು. ದನಿ ಬಲು ಕ್ಷೀಣ, ಆದರೆ ನಿಶ್ಚಲ, ಶುದ್ಧ ಎಂದು ಅವರು ತಿಳಿಸಿದರು. ಕಡೆಯ ಎರಡು ಮಾತುಗಳನ್ನು ಮತ್ತೊಮ್ಮೆ ಕೇಳಿಸಿಕೊಂಡು ದಿನಚರಿಯಲ್ಲಿ ಬರೆದುಕೊಂಡೆನು.