ಕಾತಿಬರ ಕೋಣೆಯಿಂದ ಕಂಪ್ಯೂಟರ್ ಕೋಣೆಗೆ

ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಕಚೇರಿಗಳಲ್ಲಿ ಈಗಿರುವಷ್ಟು ಜನ ಬೇಕಾಗುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಕೆಲವರಿಗೆ ಇದು ಸಂಭ್ರಮ, ಕೆಲವರಿಗೆ ದಿಗಿಲು. ಉರ್ದು ಪತ್ರಿಕೆಗಳ ನಡುವೆ ಬೆಳೆದ ನನ್ನಂಥವರಿಗೆ ಇದು ತೀರಾ ಹೊಸ ಮಾತಲ್ಲ. ಒಂದು ಯಂತ್ರ ಒಳಗೆ ಬಂದಾಗ ಒಂದು ಸಂಸ್ಥೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನಾವು ಈಗಾಗಲೇ ಒಮ್ಮೆ ನೋಡಿದ್ದೇವೆ.

ಕನ್ನಡ ಮುದ್ರಣಾಲಯಗಳಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲೂ ಉರ್ದು ಪತ್ರಿಕೆಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಅದಕ್ಕೆ ಕಾರಣ ಲಿಪಿಯ ಸ್ವಭಾವ. ಉರ್ದುವಿನ ನಸ್ತಾಲೀಖ್ ಬರಹ ಒಂದೇ ಗೆರೆಯ ಮೇಲೆ ಕೂರುವುದಿಲ್ಲ. ಪ್ರತಿಯೊಂದು ಪದವೂ ಬಲದ ಮೇಲ್ತುದಿಯಿಂದ ಎಡಕ್ಕೆ ಇಳಿಯುತ್ತದೆ. ಒಂದೇ ಅಕ್ಷರ ಪಕ್ಕದ ಅಕ್ಷರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಇದನ್ನು ಮೊಳೆಗಳಲ್ಲಿ ಹಿಡಿಯುವುದು ಬಹಳ ಕಷ್ಟ. ಮೊಳೆಗೆ ಒಗ್ಗುವ ನಸ್ಖ್ ಲಿಪಿಯಲ್ಲಿ ಅಚ್ಚು ಮಾಡುವ ಪ್ರಯತ್ನಗಳು ನಡೆದವು, ಆದರೆ ಉರ್ದು ಓದುಗರ ಕಣ್ಣಿಗೆ ಅದು ಒಪ್ಪಲಿಲ್ಲ. ಹೀಗಾಗಿ ಪ್ರತಿ ಪತ್ರಿಕೆಯಲ್ಲೂ ಕಾತಿಬರ ಒಂದು ಕೋಣೆ ಇರುತ್ತಿತ್ತು.

ನನ್ನ ಮಾಮೂ ಅಂಥ ಒಂದು ಕೋಣೆಯಲ್ಲಿ ಕೆಲಸ ಮಾಡಿದವರು. ಮೊಣಕಾಲ ಮೇಲೆ ಹಲಗೆ, ಅದರ ಮೇಲೆ ಕಾಗದ, ಕೈಯಲ್ಲಿ ಓರೆಯಾಗಿ ಕತ್ತರಿಸಿದ ಕಲಮು. ಸುದ್ದಿ ಬರೆಯುವವರು ಬೇರೆ, ದೊಡ್ಡ ಅಕ್ಷರದ ಶೀರ್ಷಿಕೆ ಬರೆಯುವ ಉಸ್ತಾದರು ಬೇರೆ. ತಪ್ಪಿದ ಪದವನ್ನು ಬ್ಲೇಡಿನಿಂದ ಕೆರೆದು ಅಥವಾ ಮೇಲೆ ಚೀಟಿ ಅಂಟಿಸಿ ತಿದ್ದುತ್ತಿದ್ದರು. ಕಾತಿಬರೆಂದರೆ ಬರಿಯ ನಕಲುಗಾರರಲ್ಲ. ವರದಿಗಾರನ ಇಮ್ಲಾ, ಅಂದರೆ ಕಾಗುಣಿತ, ತಪ್ಪಿದ್ದರೆ ಬರೆಯುತ್ತಲೇ ಸರಿಪಡಿಸುತ್ತಿದ್ದರು. ಷೇರಿನ ಮಾತ್ರೆ ಕೆಟ್ಟಿದ್ದರೆ ಎದ್ದುಹೋಗಿ ಸಂಪಾದಕರನ್ನು ಕೇಳುತ್ತಿದ್ದರು. ಪತ್ರಿಕೆಯ ಮೊದಲ ಓದುಗರೂ ಕೊನೆಯ ಕಾವಲುಗಾರರೂ ಅವರೇ ಆಗಿದ್ದರು.

ಆ ಕೋಣೆಯ ಬಾಗಿಲು ಮುಚ್ಚುವ ಕೆಲಸ ದೂರದಲ್ಲಿ ಆರಂಭವಾಗಿತ್ತು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಾವಿದರು ನಸ್ತಾಲೀಖಿನ ಸಾವಿರಾರು ಅಕ್ಷರಜೋಡಣೆಗಳನ್ನು ತಮ್ಮ ಕೈಯಿಂದಲೇ ಬರೆದುಕೊಟ್ಟರು. ಇಂಗ್ಲೆಂಡಿನ ಮೊನೊಟೈಪ್ ಕಂಪನಿ ಅವುಗಳನ್ನು ಯಂತ್ರಕ್ಕೆ ಇಳಿಸಿತು. 'ನೂರಿ ನಸ್ತಾಲೀಖ್' ಹುಟ್ಟಿದ್ದು ಹೀಗೆ. 1981ರಲ್ಲಿ ಲಾಹೋರಿನ 'ಜಂಗ್' ಪತ್ರಿಕೆ ಅದರಲ್ಲಿ ಹೊರಬಂತು. ಕಾತಿಬರ ಕೆಲಸ ಕಸಿದ ಯಂತ್ರದೊಳಗೆ ಇದ್ದದ್ದೂ ಒಬ್ಬ ಖುಶ್‌ನವೀಸರ ಕೈಬರಹವೇ. 1994ರಲ್ಲಿ ನಮ್ಮ ದೇಶದ್ದೇ ಆದ 'ಇನ್‌ಪೇಜ್' ತಂತ್ರಾಂಶ ಬಂದ ಮೇಲೆ ಸಾಧಾರಣ ಕಂಪ್ಯೂಟರಿನಲ್ಲೂ ಉರ್ದು ಪುಟ ಕಟ್ಟುವುದು ಸಾಧ್ಯವಾಯಿತು. ಸಣ್ಣ ಪತ್ರಿಕೆಗಳೂ ಬದಲಾದವು.

ಮಾಮೂ ಇದ್ದ ಪತ್ರಿಕೆಯಲ್ಲಿ ಅದೊಂದು ಯಂತ್ರದ ಖರೀದಿಯಂತೆ ನಡೆದುಹೋಯಿತು. ಎರಡು ಕಂಪ್ಯೂಟರ್ ಬಂದವು, ಎಂಟು ಕಾತಿಬರು ಹೊರಗೆ ಹೋದರು. ಪುಟಗಳು ಬೇಗ ಮುಗಿದವು, ತಡರಾತ್ರಿಯ ಸುದ್ದಿಗೂ ಜಾಗ ಸಿಕ್ಕಿತು, ಖರ್ಚು ಇಳಿಯಿತು. ಇದೆಲ್ಲ ನಿಜವಾದ ಲಾಭವೇ. ಆದರೆ ಕಾಗುಣಿತದ ತಪ್ಪುಗಳು ಹೆಚ್ಚಾದಾಗ ಮಾಲೀಕರಿಗೆ ಕಾರಣ ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಕಾತಿಬರೆಂದರೆ ಬರೆಯುವ ಕೈಗಳಷ್ಟೇ. ಆ ಕೈಗಳ ಜೊತೆ ಓದುವ ಎಂಟು ಜೋಡಿ ಕಣ್ಣುಗಳೂ ಹೋದವೆಂಬುದು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. "ಬೇಟಾ, ಮೆಷಿನ್‌ಗೆ ಅಕ್ಷರ ಬರುತ್ತೆ, ಇಮ್ಲಾ ಬರಲ್ಲ" ಎಂದು ಮಾಮೂ ಹೇಳುತ್ತಿದ್ದರು. ಆಮೇಲೆ ಅವರು ಮದುವೆ ಪತ್ರಗಳನ್ನೂ ಅಂಗಡಿಗಳ ಬೋರ್ಡುಗಳನ್ನೂ ಬರೆದು ಸಂಸಾರ ತೂಗಿಸಿದರು.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎನ್ನಲಾಗದು. ನಾನು ಕಂಡ ಆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಮಾಮೂವಿನ ಮಗಳು ಉರ್ದು ಶಾಲೆ ಮುಗಿಸಿ ಕಂಪ್ಯೂಟರ್ ತರಬೇತಿ ಪಡೆದಳು. 1996ರಲ್ಲಿ ಸ್ಥಾಪನೆಯಾದ ಉರ್ದು ಭಾಷಾ ಅಭಿವೃದ್ಧಿ ರಾಷ್ಟ್ರೀಯ ಮಂಡಳಿ ದೇಶದ ಹಲವೆಡೆ ಇಂಥ ತರಬೇತಿ ಕೇಂದ್ರಗಳನ್ನು ನಡೆಸಿದೆ. ತಂದೆಯ ಕಲಮನ್ನು ಕಿತ್ತುಕೊಂಡ ತಂತ್ರಾಂಶವೇ ಮಗಳಿಗೆ ಅನ್ನ ಕೊಟ್ಟಿತು. ಮೊದಮೊದಲು ಮಾತಾಡದಿದ್ದ ಮಾಮೂ, ನಂತರ ಅವಳು ತಂದ ಕರಡುಗಳನ್ನು ರಾತ್ರಿ ಕೂತು ತಿದ್ದಿಕೊಡತೊಡಗಿದರು. ಅವಳ ಪುಟಗಳಲ್ಲಿ ತಪ್ಪು ಕಡಿಮೆ ಎಂಬ ಹೆಸರು ಬಂತು. ಪತ್ರಿಕೆಯೇ ಮಾಡಬಹುದಾಗಿದ್ದ ವ್ಯವಸ್ಥೆಯೊಂದು ಸಂಬಳವಿಲ್ಲದೆ ಒಂದು ಮನೆಯೊಳಗೆ ನಡೆಯಿತು.

ಬೇರೆ ದಾರಿಯೂ ಇತ್ತೆಂಬುದಕ್ಕೆ ಚೆನ್ನೈನ ತಿರುವಲ್ಲಿಕೇಣಿಯ 'ದಿ ಮುಸಲ್ಮಾನ್' ಪತ್ರಿಕೆಯನ್ನು ನೋಡಬೇಕು. 1927ರಲ್ಲಿ ಆರಂಭವಾದ ಈ ಉರ್ದು ದಿನಪತ್ರಿಕೆ, ಉಳಿದವರೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಕೈಬರಹದಲ್ಲೇ ನಡೆಯಿತು. ನಾಲ್ಕು ಪುಟ, ಒಂದೊಂದು ಪುಟಕ್ಕೆ ಸುಮಾರು ಮೂರು ಗಂಟೆ. ಕೊನೆ ಗಳಿಗೆಯ ಸುದ್ದಿಗೆಂದು ಮುಖಪುಟದಲ್ಲಿ ಒಂದು ಮೂಲೆಯನ್ನು ಖಾಲಿ ಬಿಡುತ್ತಿದ್ದರು. ಅಲ್ಲಿ ಮಹಿಳೆಯರೂ ಕಾತಿಬರಾಗಿದ್ದರು. ಎಲ್ಲ ಪತ್ರಿಕೆಗಳೂ ಹೀಗೆ ಇರಬೇಕಿತ್ತೆಂದು ನಾನು ಹೇಳಲಾರೆ. ಆದರೆ ಯಂತ್ರ ಬಂದಾಗ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ನಿರ್ಧರಿಸುವವರು ಮನುಷ್ಯರೇ ಎಂಬುದಕ್ಕೆ ಆ ಖಾಲಿ ಮೂಲೆ ಸಾಕ್ಷಿ.

ಆ ಬದಲಾವಣೆಯಲ್ಲಿ ಇನ್ನೊಂದು ನಷ್ಟವೂ ಇತ್ತು, ಅದು ತಿಳಿದದ್ದು ತಡವಾಗಿ. ಆಗಿನ ಇನ್‌ಪೇಜ್ ಅಕ್ಷರಗಳನ್ನು ತನ್ನದೇ ಸಂಕೇತದಲ್ಲಿ ಕೂಡಿಡುತ್ತಿತ್ತು, ಬೇರೆ ತಂತ್ರಾಂಶಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ಕನ್ನಡದ ಕಥೆಯೂ ಬೇರೆಯಲ್ಲ. ಎಲ್ಲ ಲಿಪಿಗಳಿಗೂ ಸಮಾನವಾದ ಯೂನಿಕೋಡ್ 1991ರಲ್ಲೇ ಬಂದಿತ್ತು, ಕನ್ನಡವೂ ಅದರಲ್ಲಿತ್ತು. ಆದರೂ ನಮ್ಮ ಮುದ್ರಣಾಲಯಗಳು ಬಹಳ ಕಾಲ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ಬಳಸಿದವು. ಆ ಕಾಲದಲ್ಲಿ ಬೆರಳಚ್ಚಾದ ನನ್ನ ಕೆಲವು ಕಥೆಗಳ ಕಡತಗಳನ್ನು ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಮಾಮೂ ಬರೆದ ಹಾಳೆಗಳು ಹಳದಿಯಾಗಿವೆ, ಆದರೆ ಇವತ್ತಿಗೂ ಓದಲು ಬರುತ್ತವೆ.

ಈಗ ಸರದಿ ಮಾಮೂವಿನ ಮಗಳದು. ಫೋನಿಗೆ ಮಾತಾಡಿದರೆ ಅದೇ ಉರ್ದು ಬೆರಳಚ್ಚು ಮಾಡುತ್ತದೆ, ಕನ್ನಡದಿಂದ ಅನುವಾದವನ್ನೂ ಕೊಡುತ್ತದೆ. ಅವಳು ಕೆಲಸ ಮಾಡುವ ಪ್ರಕಾಶನದವರು ಇನ್ನು ಅರ್ಧ ದಿನ ಬಂದರೆ ಸಾಕು ಎಂದಿದ್ದಾರೆ. ಮೊನ್ನೆ ಯಂತ್ರ ಮಾಡಿದ ಒಂದು ಕರಡನ್ನು ನನಗೆ ತೋರಿಸಿದಳು. ನಮ್ಮ ದಖ್ಖನಿ ಬಾಯಲ್ಲಿ ಸಮಾಧಿಯೂ 'ಖಬರ್', ಸುದ್ದಿಯೂ 'ಖಬರ್'. ಯಾರೋ ಒಬ್ಬರು ತಂದೆಯ ಸಮಾಧಿಯ ಬಗ್ಗೆ ಹೇಳಿದ್ದನ್ನು ಯಂತ್ರ ತಂದೆಯ ಸುದ್ದಿ ಎಂದು ಬರೆದಿತ್ತು. ಅಕ್ಷರಗಳೆಲ್ಲ ಸರಿಯಾಗಿದ್ದವು, ಇಮ್ಲಾ ಕೂಡ ತಪ್ಪಿರಲಿಲ್ಲ. "ಅಬ್ಬಾ ಇದ್ದಿದ್ದರೆ ಇದನ್ನ ನೋಡಿ ನಗ್ತಿದ್ದರೋ ಅಳ್ತಿದ್ದರೋ" ಎಂದಳು.

ಯಂತ್ರ ಬೇಡವೆನ್ನುವುದು ಕೈಲಾಗದ ಮಾತು. ಮಸೀದಿಯ ಕಮಿಟಿ, ಮದ್ರಸಾ, ಶಾಲೆ, ಸಹಕಾರ ಸಂಘ, ಪತ್ರಿಕೆ ಯಾವುದೇ ಇರಲಿ, ನಾಳೆ ಎಲ್ಲ ಕಡೆಯೂ ಅದು ಬರುತ್ತದೆ. ಆದರೆ ಜನರನ್ನು ಕಳಿಸುವ ಮೊದಲು ನಡೆಸುವವರು ಎರಡು ಪ್ರಶ್ನೆ ಕೇಳಿಕೊಳ್ಳಲಿ. ಈ ಮನುಷ್ಯ ತನ್ನ ಹುದ್ದೆಯ ಹೆಸರಿನಲ್ಲಿ ಇಲ್ಲದ ಯಾವ ಕೆಲಸವನ್ನು ಇಲ್ಲಿ ಮಾಡುತ್ತಿದ್ದಾನೆ? ನಾವು ಕೂಡಿಡುತ್ತಿರುವುದನ್ನು ಇಪ್ಪತ್ತು ವರ್ಷಗಳ ನಂತರ ಬೇರೆಯವರು ತೆರೆದು ಓದಬಲ್ಲರೇ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಆ ಮನುಷ್ಯನನ್ನು ಬಾಗಿಲ ಹೊರಗೆ ಕಳಿಸುವ ಬದಲು ಯಂತ್ರದ ಪಕ್ಕದಲ್ಲೇ ಒಂದು ಕುರ್ಚಿ ಹಾಕಿ ಕೂರಿಸಬೇಕಾಗುತ್ತದೆ. ಆ ಕುರ್ಚಿಯ ಖರ್ಚು ಹೆಚ್ಚೇನಲ್ಲ.