ಹಾಲು, ಆಲು ಮತ್ತು ಒಂದು ವರ್ಷದ ಇಂಗ್ಲೆಂಡ್ ಓದು

ಕನ್ನಡ ಬೋಧನೆಗಾಗಿ ಬಿ.ಇಡಿ. ಮಾಡುತ್ತಿರುವವಳಿಗೆ ಇಂಗ್ಲೆಂಡಿನಲ್ಲಿ ಓದಿದ ಭಾಷಾವಿಜ್ಞಾನ ಯಾವ ಉಪಯೋಗಕ್ಕೆ ಬಂತು ಎಂದು ನಮ್ಮ ತಂಡದ ಪ್ರಶಿಕ್ಷಣಾರ್ಥಿಗಳು ಆಗಾಗ ಕೇಳುತ್ತಾರೆ. ಬಿ.ಎ. ಓದುವಾಗ ವಿದ್ಯಾರ್ಥಿವೇತನ ಸಿಕ್ಕಿ, ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಕಲಿತೆ. ಹಿಂದಿರುಗಿ ಇಲವಾಲಕ್ಕೆ ಬಂದಾಗ ಅಜ್ಜಿ ಕೇಳಿದ್ದೂ ಹೆಚ್ಚುಕಡಿಮೆ ಅದೇ: "ಎಸ್ಟ್ ಬಾಸೆ ಕಲ್ತ್ಕಂಡ್ ಬಂದೆ ಮಗಾ?" ಒಂದೂ ಇಲ್ಲ ಎಂದೆ. ಅವರಿಗೆ ಬೇಸರವಾಯಿತು. ಅಷ್ಟು ದೂರ ಹೋಗಿ, ಅಷ್ಟು ಚಳಿ ತಿಂದು, ಒಂದಾದರೂ ಭಾಷೆ ಬೇಡವೇ?

ನಿಜ ಹೇಳಬೇಕೆಂದರೆ ಅಲ್ಲಿ ಕಲಿತದ್ದು ಕನ್ನಡವನ್ನೇ. ಕ್ಷೇತ್ರಕಾರ್ಯದ ವಿಧಾನ ಎಂಬ ಒಂದು ಪತ್ರಿಕೆ ಇತ್ತು. ತರಗತಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಭಾಷೆಯವರನ್ನು ಮುಂದೆ ಕೂರಿಸುತ್ತಾರೆ. ಉಳಿದವರು ಪ್ರಶ್ನೆ ಕೇಳಿ ಕೇಳಿ ಆ ಭಾಷೆಯ ಧ್ವನಿಗಳನ್ನೂ ವ್ಯಾಕರಣವನ್ನೂ ಕಂಡುಕೊಳ್ಳಬೇಕು. ಆ ಸಲ ಮುಂದಿನ ಕುರ್ಚಿ ನನ್ನದಾಯಿತು. ಹಾಲಿಗೆ ಏನನ್ನುತ್ತೀ ಎಂದರು, "ಹಾಲು" ಎಂದೆ. ಅಧ್ಯಾಪಕರು ಒಂದು ಕ್ಷಣ ತಡೆದು, "ಮನೆಯಲ್ಲಿ ಅಜ್ಜಿಯ ಹತ್ತಿರವೂ ಹೀಗೇ ಹೇಳುತ್ತೀಯಾ?" ಎಂದು ಕೇಳಿದರು. ಇಲ್ಲ, ಅಲ್ಲಿ "ಆಲು". ಅವರು ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಧ್ವನಿಲಿಪಿಯಲ್ಲಿ ಬರೆದರು. ಯಾವುದು ಸರಿ ಎಂದು ಹನ್ನೊಂದು ಜನರಲ್ಲಿ ಒಬ್ಬರೂ ಕೇಳಲಿಲ್ಲ. "ಆಲು" ಎಂದಾಗ ಇಡೀ ತರಗತಿ ನಕ್ಕದ್ದನ್ನು ಚಿಕ್ಕಂದಿನಲ್ಲಿ ಕಂಡವಳು ನಾನು. ಅದೇ ಪದವನ್ನು ಅಷ್ಟು ಜನ ತಲೆ ಬಗ್ಗಿಸಿ ಶ್ರದ್ಧೆಯಿಂದ ಬರೆದುಕೊಳ್ಳುವುದನ್ನು ನೋಡಿ ಏನೋ ಸಂಕೋಚವಾಯಿತು, ಸಂತೋಷವೂ ಆಯಿತು.

ಆಮೇಲೆ ನಡೆದ ಚರ್ಚೆಯೇ ನನಗೆ ಮುಖ್ಯ. ಹಳಗನ್ನಡದಲ್ಲಿ ಪಾಲ್ ಇತ್ತು, ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಗಿ ಹಾಲು ಆಯಿತು ಎಂಬುದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ ಇಟ್ಟರೆ ಆಲು ಬರುತ್ತದೆ ಎಂದು ಮಾತ್ರ ನಮಗೆ ಯಾರೂ ಹೇಳುವುದಿಲ್ಲ. ಇದನ್ನು ಕೇಳಿ ಸ್ಪೇನಿನ ಸಹಪಾಠಿಯೊಬ್ಬಳು ನಗತೊಡಗಿದಳು. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ಫರೀನಾ. ಸ್ಪ್ಯಾನಿಷ್‌ನಲ್ಲಿ ಆ ಫಕಾರ ಹಕಾರವಾಗಿ, ಕೊನೆಗೆ ಅದೂ ಬಿದ್ದುಹೋಗಿ, ಈಗ ಆರೀನಾ ಎನ್ನುತ್ತಾರೆ. ಬರೆಯುವಾಗ ಎಚ್ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಅವರಲ್ಲಿ ಅದೇ ಶಿಷ್ಟ. ಲಂಡನ್ನಿನ ಕಾರ್ಮಿಕ ಕುಟುಂಬದಿಂದ ಬಂದ ಇನ್ನೊಬ್ಬ ಸಹಪಾಠಿ ಮನೆಯಲ್ಲಿ 'ಹೌಸ್' ಅನ್ನುವುದಿಲ್ಲ, 'ಔಸ್' ಅನ್ನುತ್ತಾನೆ. ಅವರಲ್ಲಿ ಅದು ಅಶಿಷ್ಟ! ಹಕಾರ ಬಿಡುವುದು ಒಂದು ದೇಶದಲ್ಲಿ ಗೌರವ, ಇನ್ನೊಂದರಲ್ಲಿ ನಗೆಪಾಟಲು. ದೋಷ ಧ್ವನಿಯದಲ್ಲ, ಕೇಳುವವರ ಕಿವಿಯದು ಎಂದು ನನಗೆ ಅಂದು ಮನದಟ್ಟಾಯಿತು.

ಪೀಟರ್ ಟ್ರಡ್ಗಿಲ್ ತಾವು ಹುಟ್ಟಿದ ನಾರ್ವಿಚ್ ಪಟ್ಟಣದ ಮಾತನ್ನೇ ಅಧ್ಯಯನ ಮಾಡಿ 1974ರಲ್ಲಿ ಪುಸ್ತಕ ತಂದರು. ಮರುವರ್ಷವೇ ಉಪಭಾಷೆ ಮತ್ತು ಶಾಲೆಯ ಬಗ್ಗೆ ಶಿಕ್ಷಕರಿಗಾಗಿ ಇನ್ನೊಂದು ಬರೆದರು. ನಮ್ಮ ಮೈಸೂರಿನಲ್ಲೇ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ, 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದದ್ದು ಕನ್ನಡದ ವ್ಯಾಕರಣದ ಮೇಲೆ. ಅವರನ್ನು ಕವಿಯೆಂದು ಮಾತ್ರ ಓದುವ ನಾವು ಇದನ್ನು ಮರೆಯುತ್ತೇವೆ. ಆಡುಮಾತಿನ ಕನ್ನಡದ ಮೇಲೆ ವಿಲಿಯಂ ಬ್ರೈಟ್ ಬರೆದು ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿದ ಪುಸ್ತಕವನ್ನು ನಾನು ಮೊದಲು ಕಂಡದ್ದೂ ಅಲ್ಲಿನ ಗ್ರಂಥಾಲಯದಲ್ಲಿ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು, ಹುಣಸೂರು ರಸ್ತೆಯ ನಮ್ಮೂರಿನದೇ ಒಂದು ಪ್ರೌಢಶಾಲೆಗೆ ಅಭ್ಯಾಸ ಬೋಧನೆಗೆ ಹೋದೆ. ಎಂಟನೆಯ ತರಗತಿಗೆ ಉಕ್ತಲೇಖನ ಕೊಟ್ಟೆ. ಹಿಂದಿನ ಬೆಂಚಿನ ಒಬ್ಬ ಹುಡುಗ 'ಹಸಿವು' ಎಂಬಲ್ಲಿ 'ಅಸಿವು' ಎಂದೂ, 'ಅಕ್ಕಿ' ಎಂಬಲ್ಲಿ 'ಹಕ್ಕಿ' ಎಂದೂ, 'ಆನೆ'ಗೆ 'ಹಾನೆ' ಎಂದೂ ಬರೆದಿದ್ದ. 'ಅಸಿವು' ಅವನ ಮನೆಯ ಮಾತು. 'ಹಾನೆ' ಯಾರ ಮನೆಯ ಮಾತೂ ಅಲ್ಲ. ತನ್ನ ಮಾತಿನಲ್ಲಿ ಎಲ್ಲೋ ಒಂದು ಹಕಾರ ಕಡಿಮೆಯಿದೆ ಎಂದು ಅವನಿಗೆ ಎಷ್ಟು ಸಲ ಹೇಳಿದ್ದಾರೆಂದರೆ, ಎಲ್ಲಿ ಎಂದು ತಿಳಿಯದೆ ಸಿಕ್ಕಲ್ಲೆಲ್ಲ ಹಾಕುತ್ತಿದ್ದಾನೆ. ಪಾಠ ಓದು ಎಂದರೆ ಎದ್ದು ನಿಂತು ಬಾಯಿ ಬಿಡುತ್ತಿರಲಿಲ್ಲ.

ಮರುದಿನ ಕಪ್ಪುಹಲಗೆಯ ಮೇಲೆ 'ಮನೆಯಲ್ಲಿ', 'ಪುಸ್ತಕದಲ್ಲಿ' ಎಂದು ಎರಡು ಸಾಲು ಎಳೆದೆ. ಆವು–ಹಾವು, ಊವು–ಹೂವು, ಉಲಿ–ಹುಲಿ ಎಂದು ಮಕ್ಕಳೇ ತುಂಬಿದರು. ಮೂರನೆಯ ಸಾಲಿಗೆ ಹಳಗನ್ನಡದ ಪಾವು, ಪೂ, ಪುಲಿ ಬರೆಯುತ್ತಿದ್ದಾಗ, ಯಾವತ್ತೂ ಮಾತಾಡದ ಹುಡುಗಿಯೊಬ್ಬಳು ಮೆಲ್ಲಗೆ, "ನಮ್ಮನೇಲಿ ಈಗ್ಲೂ ಪುಲಿ ಅಂತಾರೆ ಮಿಸ್" ಎಂದಳು. ಮನೆಮಾತು ತೆಲುಗು. ಪಾಲು, ಪಾಮು, ಪುವ್ವು ಎಂದು ಒಂದೊಂದಾಗಿ ಹೇಳಿದಳು. ಆ ಗಂಟೆಯ ಉಳಿದ ಹೊತ್ತು ತರಗತಿಯ ನಿಘಂಟು ಅವಳೇ. 'ಆನೆ'ಗೆ ಏನನ್ನುತ್ತಾರೆ ಎಂದು ಕೇಳಿದೆ. "ಏನುಗು." ಪಕಾರ ಇಲ್ಲ. ಹಿಂದಿನ ಬೆಂಚಿನವನು ತನ್ನ ಪುಸ್ತಕ ತೆಗೆದು 'ಹಾನೆ'ಯ ಹಕಾರವನ್ನು ತಾನೇ ಹೊಡೆದು ಹಾಕಿದ.

ಪಾಠ ವೀಕ್ಷಿಸಿದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ, ಹೀಗೆ ಮಾಡಿದರೆ ಶಿಷ್ಟ ಕನ್ನಡವನ್ನು ಯಾವಾಗ ಕಲಿಸುವುದು ಎಂದು ಬರೆದರು. ಪ್ರಶ್ನೆ ನ್ಯಾಯವಾದದ್ದೇ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಯಲ್ಲಿ 'ಅಸಿವು' ಎಂದು ಬರೆದರೆ ಅಂಕ ಹೋಗುತ್ತದೆ, ಹೋಗುವುದು ನನ್ನದಲ್ಲ, ಆ ಹುಡುಗನದು. ಪುಸ್ತಕದ ಕನ್ನಡ ಕಲಿಸಲೇಬೇಕು. ಆದರೆ ಮನೆಯ ಸಾಲನ್ನು ಅಳಿಸಿ ಪುಸ್ತಕದ ಸಾಲು ಬರೆಸಿದರೆ 'ಹಾನೆ' ಬರುತ್ತದೆ, ಇಲ್ಲವೇ ಮೌನ ಬರುತ್ತದೆ. ಎರಡನ್ನೂ ಆ ತರಗತಿಯಲ್ಲಿ ಕಂಡಿದ್ದೆ. ವೀಕ್ಷಣೆಯ ನಂತರದ ಚರ್ಚೆಯಲ್ಲಿ ಇದನ್ನೇ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ಇನ್ನೊಂದು ವಾರ ಮಾಡಿ ನೋಡಿ ಎಂದರು.

ಆ ವಾರದ ಕೊನೆಗೆ ಮತ್ತೆ ಉಕ್ತಲೇಖನ ಕೊಟ್ಟೆ. ಹಸಿವು, ಅಕ್ಕಿ, ಹಕ್ಕಿ, ಆನೆ ಎಲ್ಲವೂ ಅವನಿಗೆ ಸರಿಬಂದವು. 'ಹಂಸ' ಮಾತ್ರ 'ಅಂಸ' ಆಗಿತ್ತು. ಕರೆದು ಕೇಳಿದರೆ ತಕ್ಷಣ ಉತ್ತರ ಕೊಟ್ಟ: "ಇದ್ಕೆ ಯಾವತ್ತೂ ಪ ಇರ್ಲಿಲ್ವಲ್ಲ ಮಿಸ್, ಅದ್ಕೇ ಹ ಆಕ್ಲಿಲ್ಲ." ನಿಯಮದ ಪ್ರಕಾರ ಅವನ ಮಾತೇ ಸರಿ. ಹಂಸ, ಹಿತ, ಹರ್ಷ ಇತ್ಯಾದಿ ಸಂಸ್ಕೃತ ಪದಗಳಿಗೆ ನಾಲ್ಕನೆಯ ಸಾಲು ಎಳೆಯಬೇಕೆಂದು ಸೋಮವಾರದ ಪಾಠಯೋಜನೆಯಲ್ಲಿ ಬರೆದುಕೊಂಡೆ.