ಹೇಳಿದ ಮಾತು, ಕೇಳಿದ ಮಾತು

ಕರಣ್ ಜೋಹರ್ ನಿರ್ದೇಶನದ ‘ಮೈ ನೇಮ್ ಈಸ್ ಖಾನ್’ 2010ರ ಫೆಬ್ರವರಿಯಲ್ಲಿ ತೆರೆ ಕಂಡಾಗ ಅದರ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದ ಮುಸ್ಲಿಮರು ಎದುರಿಸಿದ ಸಂಶಯ, ವಿಮಾನ ನಿಲ್ದಾಣದ ತಪಾಸಣೆ, ಖಾನ್ ಎಂಬ ಹೆಸರಿನ ಭಾರ ಇವೇ ಆ ಚರ್ಚೆಯ ವಿಷಯಗಳಾಗಿದ್ದವು. ಅದು ಸಹಜವೂ ಹೌದು. ಆದರೆ ಆ ಚಿತ್ರದೊಳಗೆ ಇನ್ನೊಂದು ಕಥೆಯಿದೆ. ಅದೊಂದು ದಾಂಪತ್ಯದ ಕಥೆ. ಗಂಡನಿಗೆ ಆಟಿಸಂ ಇದೆ, ಹೆಂಡತಿಗೆ ಇಲ್ಲ. ಅವರಿಬ್ಬರು ಹೇಗೆ ಬದುಕಿದರು, ಎಲ್ಲಿ ಎಡವಿದರು ಎಂಬ ಬಗ್ಗೆ ಮಾತಾಡಿದವರು ಕಡಿಮೆ.

ರಿಜ್ವಾನ್ ಖಾನ್ ಮುಂಬೈಯ ಬೊರಿವಿಲಿಯಲ್ಲಿ ಬೆಳೆದವನು. ಹಳದಿ ಬಣ್ಣ ಕಂಡರೆ ಭಯ, ದೊಡ್ಡ ಸದ್ದು ಕೇಳಿದರೆ ಭಯ. ಯಾರಾದರೂ ಮುಟ್ಟಿದರೆ ಹಿಂಸೆ. ತಾಯಿಯ ಮರಣಾನಂತರ ತಮ್ಮನ ಬಳಿಗೆ ಅಮೆರಿಕಕ್ಕೆ ಹೋಗುತ್ತಾನೆ. ಅವನಿಗಿರುವುದು ಆಸ್ಪರ್ಜರ್ ಸಿಂಡ್ರೋಮ್ ಎಂದು ಮೊದಲು ಗುರುತಿಸುವವಳು ಮನಶ್ಶಾಸ್ತ್ರ ಬಲ್ಲ ತಮ್ಮನ ಹೆಂಡತಿ ಹಸೀನಾ. (2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಸ್ಪರ್ಜರ್ ಪ್ರತ್ಯೇಕ ಹೆಸರಾಗಿ ಉಳಿದಿಲ್ಲ. ಅದನ್ನೂ ಆಟಿಸಂ ಒಳಗೇ ಸೇರಿಸಲಾಗಿದೆ.) ಅಲ್ಲಿ ಮಂದಿರಾ ಎಂಬಾಕೆಯ ಪರಿಚಯವಾಗುತ್ತದೆ. ಆಕೆ ಕೇಶವಿನ್ಯಾಸದ ಕೆಲಸ ಮಾಡುತ್ತಾ ಮಗನನ್ನು ಒಬ್ಬಳೇ ಸಾಕುತ್ತಿರುವವಳು. ರಿಜ್ವಾನ್ ಪ್ರೀತಿಯನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಮದುವೆಯಾಗು ಎಂದು ನೇರವಾಗಿ ಕೇಳುತ್ತಾನೆ, ಮತ್ತೆ ಮತ್ತೆ ಕೇಳುತ್ತಾನೆ. ಕೊನೆಗೆ ಮದುವೆಯೂ ಆಗುತ್ತದೆ.

ನಂತರ ಆ ಮಗು ಶಾಲೆಯ ಆಟದ ಮೈದಾನದಲ್ಲಿ ಹೊಡೆತ ತಿಂದು ಸಾಯುತ್ತದೆ. ಖಾನ್ ಎಂಬ ಹೆಸರೇ ಮಗನನ್ನು ಕೊಂದಿತು ಎಂದು ತಾಯಿಯ ಕರುಳು ಕೂಗುತ್ತದೆ. ಮನೆ ಬಿಟ್ಟು ಹೋಗು ಎಂದು ಗಂಡನಿಗೆ ಹೇಳುತ್ತಾಳೆ. ಯಾವಾಗ ಮರಳಿ ಬರಲಿ ಎಂದು ಅವನು ಕೇಳುತ್ತಾನೆ. ಆ ಪ್ರಶ್ನೆ ಆಕೆಯನ್ನು ಇನ್ನಷ್ಟು ಕೆರಳಿಸುತ್ತದೆ. ನೀನು ಭಯೋತ್ಪಾದಕನಲ್ಲ ಎಂದು ಅಮೆರಿಕದ ಅಧ್ಯಕ್ಷರಿಗೇ ಹೋಗಿ ಹೇಳು, ಆಮೇಲೆ ಬಾ ಎಂದು ಚೀರುತ್ತಾಳೆ. ಅವನು ಹೊರಟೇ ಬಿಡುತ್ತಾನೆ.

ಈ ದೃಶ್ಯವನ್ನು ಚಿತ್ರ ಮಹಾ ಪ್ರೇಮದ ಸಾಕ್ಷಿಯೆಂಬಂತೆ ತೋರಿಸುತ್ತದೆ. ಹೆಂಡತಿಯ ಒಂದು ಮಾತಿಗಾಗಿ ಇಡೀ ಅಮೆರಿಕ ಸುತ್ತಿದ ಗಂಡ! ಆದರೆ ನನಗೆ ಅಲ್ಲಿ ಕಾಣುವುದು ಬೇರೆ. ಆಕೆ ಹೇಳಿದ್ದು ಸಂಕಟ, ಅವನು ಕೇಳಿಸಿಕೊಂಡದ್ದು ಅಪ್ಪಣೆ. ಮಾತಿನ ಹಿಂದಿನ ನೋವು ಅವನಿಗೆ ತಿಳಿಯಲಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇಷ್ಟು ವರ್ಷ ಜೊತೆಗಿದ್ದ ಆಕೆಗಾದರೂ, ಈ ಮನುಷ್ಯ ಮಾತನ್ನು ಇದ್ದ ಹಾಗೆಯೇ ತೆಗೆದುಕೊಳ್ಳುತ್ತಾನೆ ಎಂದು ನೆನಪಾಯಿತೇ? ಮಗ ಅವನಿಗೂ ಮಗನೇ. ಅವನು ಅಳುವ ರೀತಿ ಬೇರೆ ಎಂದ ಮಾತ್ರಕ್ಕೆ ಅವನ ದುಃಖ ಕಡಿಮೆಯೇ? ಹೆತ್ತ ಮಗನನ್ನು ಕಳೆದುಕೊಂಡವಳಿಂದ ಆ ಹೊತ್ತಿನಲ್ಲಿ ಇಷ್ಟನ್ನು ನಿರೀಕ್ಷಿಸುವುದು ಅನ್ಯಾಯವಾದೀತು, ನಿಜ. ಆದರೂ ಅರ್ಥವಾಗದೆ ಹೋದದ್ದು ಎರಡೂ ಕಡೆಯಿಂದ ಎಂಬುದನ್ನು ಮರೆಯಬಾರದು.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸರು 2012ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದರು. ಅವರು ಸ್ವತಃ ಆಟಿಸಂ ಇರುವವರು. ಆಟಿಸಂ ಇರುವವರಿಗೆ ಇತರರ ಮನಸ್ಸು ತಿಳಿಯುವುದಿಲ್ಲ ಎಂಬ ಮಾತು ಹಳೆಯದು. ಹಾಗಾದರೆ ಇತರರಿಗೆ ಅವರ ಮನಸ್ಸು ತಿಳಿಯುತ್ತದೆಯೇ ಎಂದು ಮಿಲ್ಟನ್ ತಿರುಗಿ ಕೇಳಿದರು. ಬೇರೆ ಬೇರೆ ರೀತಿಯಲ್ಲಿ ಲೋಕವನ್ನು ಅನುಭವಿಸುವ ಇಬ್ಬರು ಎದುರಾದಾಗ ಅರ್ಥವಾಗದೆ ಹೋಗುವುದು ಇಬ್ಬರ ಸಮಸ್ಯೆ, ಒಬ್ಬನ ಕೊರತೆಯಲ್ಲ ಎಂಬುದು ಅವರ ವಾದ. ಕೇಳಲು ಸರಳವಾದ ಮಾತು. ಆದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿನಿಮಾ ನೋಡಿದರೆ ಎಷ್ಟೋ ಪ್ರೇಮಕಥೆಗಳ ಬಣ್ಣ ಬದಲಾಗುತ್ತದೆ.

ಬಹುಕಾಲ ಪರದೆಯ ಮೇಲೆ ಆಟಿಸಂ ಇರುವವರಿಗೆ ಪ್ರೇಮವೇ ಇರಲಿಲ್ಲ. 1988ರ ‘ರೇನ್ ಮ್ಯಾನ್’ ಚಿತ್ರಕ್ಕಾಗಿ ಡಸ್ಟಿನ್ ಹಾಫ್‌ಮನ್ ಆಸ್ಕರ್ ಪಡೆದರು. ಆಟಿಸಂ ಎಂಬ ಪದವನ್ನು ಜಗತ್ತಿನ ಮನೆಮನೆಗೆ ತಲುಪಿಸಿದ ಚಿತ್ರ ಅದು. ಅದರಲ್ಲಿ ತಮ್ಮನ ಗೆಳತಿ ಲಿಫ್ಟಿನೊಳಗೆ ರೇಮಂಡ್‌ಗೆ ಒಂದು ಮುತ್ತು ಕೊಟ್ಟು, ಹೇಗಿತ್ತು ಎಂದು ಕೇಳುತ್ತಾಳೆ. ಒದ್ದೆಯಾಗಿತ್ತು ಎನ್ನುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಅವನಿಗೆ ಆ ಮುತ್ತು ಬೇಕಾಗಿತ್ತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮಲ್ಲಿ 2012ರಲ್ಲಿ ಬಂದ ಅನುರಾಗ್ ಬಸು ಅವರ ‘ಬರ್ಫಿ’ ಇನ್ನೊಂದು ತುದಿಗೆ ಹೋಯಿತು. ಆಟಿಸಂ ಇರುವ ಜಿಲ್ಮಿಲ್ ಮತ್ತು ಕಿವಿ ಕೇಳದ, ಮಾತು ಬಾರದ ಬರ್ಫಿ ಇವರ ಪ್ರೇಮ ಕಣ್ಣು ತೇವಗೊಳಿಸುತ್ತದೆ. ಆದರೆ ಅವರದ್ದು ಮಕ್ಕಳಂಥ ಪ್ರೇಮ. ಅಲ್ಲಿ ಜಗಳವಿಲ್ಲ, ಮನೆ ಖರ್ಚಿಲ್ಲ, ಬೇಸರದ ಸಂಜೆಗಳಿಲ್ಲ. ಒಂದು ಕಡೆ ಭಾವನೆಯೇ ಇಲ್ಲದ ಯಂತ್ರ, ಇನ್ನೊಂದು ಕಡೆ ದೋಷವೇ ಇಲ್ಲದ ದೇವತೆ. ಎರಡರಲ್ಲೂ ಕಾಣದೆ ಹೋದವನು ಮನುಷ್ಯ.

ಈ ದೃಷ್ಟಿಯಿಂದ ನನಗೆ ಹೆಚ್ಚು ಪ್ರಾಮಾಣಿಕವೆನಿಸಿದ್ದು 2009ರ ‘ಆಡಂ’ ಎಂಬ ಇಂಗ್ಲಿಷ್ ಚಿತ್ರ. ನ್ಯೂಯಾರ್ಕಿನಲ್ಲಿ ಒಬ್ಬನೇ ವಾಸಿಸುವ, ನಕ್ಷತ್ರಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲ ಆಡಂಗೆ ಅದೇ ಕಟ್ಟಡಕ್ಕೆ ಬಂದ ಶಿಕ್ಷಕಿ ಬೆತ್‌ಳ ಪರಿಚಯವಾಗುತ್ತದೆ. ಆಕೆ ಅವನನ್ನು ತನ್ನ ತಂದೆ ತಾಯಿಗೆ ತೋರಿಸಬೇಕೆಂದು, ನಾಟಕ ನೋಡಲು ಹೋದಾಗ ಅಕಸ್ಮಾತ್ ಭೇಟಿಯಾದಂತೆ ಏರ್ಪಾಡು ಮಾಡುತ್ತಾಳೆ. ನಮ್ಮ ಕಣ್ಣಿಗೆ ಇದೊಂದು ಚಿಕ್ಕ, ಮುದ್ದಾದ ಸುಳ್ಳು. ಇದು ಬಯಲಾದಾಗ ಆಡಂ ಸಿಡಿದು ಬೀಳುತ್ತಾನೆ. ಅವನ ಕೋಪ ನೋಡುವವರಿಗೂ ಭಯ ಹುಟ್ಟಿಸುವಂಥದ್ದು, ಅದನ್ನು ಚಿತ್ರ ಮುಚ್ಚಿಡುವುದಿಲ್ಲ. ಹಾಗೆಯೇ ಅವನ ಕೋಪಕ್ಕೆ ಕಾರಣವಿತ್ತು ಎಂಬುದನ್ನೂ ಮರೆಮಾಚುವುದಿಲ್ಲ. ಜನರ ಮುಖ ಓದಲು ಕಷ್ಟಪಡುವವನಿಗೆ ಉಳಿದಿರುವ ಒಂದೇ ಆಧಾರ ಅವರ ಮಾತು. ಆ ಮಾತೇ ಸುಳ್ಳಾದರೆ ಅವನು ಎಲ್ಲಿ ಕಾಲೂರಬೇಕು?

ಕೊನೆಯಲ್ಲಿ ಆಡಂಗೆ ದೂರದ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಗುತ್ತದೆ. ನೀನೂ ಬಾ ಎನ್ನುತ್ತಾನೆ. ಯಾಕೆ ಬರಬೇಕು ಎಂದು ಬೆತ್ ಕೇಳುತ್ತಾಳೆ. ಆಕೆ ಕಾಯುತ್ತಿದ್ದದ್ದು ಒಂದೇ ಒಂದು ಪದಕ್ಕೆ. ಅವನು ಹೇಳುವುದು ತನಗೆ ಆಕೆ ಎಷ್ಟು ಬೇಕು, ಯಾವುದಕ್ಕೆಲ್ಲ ಬೇಕು ಎಂಬುದನ್ನು. ಬೆತ್ ಹೋಗುವುದಿಲ್ಲ. ಆಕೆಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಜೀವನಪೂರ್ತಿ ಒಬ್ಬರ ಆಸರೆಯಾಗಿ ಮಾತ್ರ ಇರಲು ಯಾರಿಗೆ ತಾನೇ ಇಷ್ಟ? ತನ್ನ ಬೇಕುಗಳನ್ನು ಅವನು ಕೇಳುತ್ತಾನೆಯೇ ಎಂಬ ಸಂಶಯ ನ್ಯಾಯವಾದುದೇ. ಆದರೆ ನೀನಿಲ್ಲದೆ ನನ್ನ ದಿನ ನಡೆಯುವುದಿಲ್ಲ ಎಂಬ ಮಾತಿನಲ್ಲಿ ಪ್ರೀತಿ ಇರಲಿಲ್ಲವೆಂದು ಹೇಗೆ ಹೇಳುವುದು? ಒಂದು ಸಲವೂ ಪ್ರೀತಿ ಎಂಬ ಪದ ಬಳಸದೆ ಐವತ್ತು ವರ್ಷ ಸಂಸಾರ ಮಾಡಿದ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರಲ್ಲ!

ಇಬ್ಬರ ನಡುವಿನ ಮಾತು ಹೇಗೋ ಹೊಂದಿಕೊಂಡರೂ ಮೂರನೆಯವರ ಕಣ್ಣು ಬಿಡುವುದಿಲ್ಲ. ಇದನ್ನು ಚೆನ್ನಾಗಿ ತೋರಿಸಿದ್ದು 2022ರ ಕೊರಿಯನ್ ಧಾರಾವಾಹಿ ‘ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ’. ಇಲ್ಲಿ ಆಟಿಸಂ ಇರುವುದು ಹೆಣ್ಣಿಗೆ. ವೂ ಯಂಗ್ ವೂ ವಕೀಲೆ. ಅದೇ ಕಚೇರಿಯಲ್ಲಿ ಕೆಲಸ ಮಾಡುವ ಲೀ ಜುನ್ ಹೋ ಆಕೆಯನ್ನು ಮೆಚ್ಚುತ್ತಾನೆ. ಕಚೇರಿಯ ತಿರುಗುವ ಬಾಗಿಲನ್ನು ದಾಟಲು ಆಕೆಗೆ ಕಷ್ಟ. ಅವನು ಕೈ ಹಿಡಿದು ಎಳೆಯುವುದಿಲ್ಲ, ನೃತ್ಯದ ಹೆಜ್ಜೆಯ ಲಯದಲ್ಲಿ ದಾಟಬಹುದೆಂದು ಹೇಳಿಕೊಡುತ್ತಾನೆ. ಒಮ್ಮೆ ಇಬ್ಬರೂ ಜೊತೆಗಿದ್ದಾಗ ಅವನ ಹಳೆಯ ಪರಿಚಯದವಳೊಬ್ಬಳು ಎದುರಾಗಿ, ಇವನು ಸಮಾಜಸೇವೆ ಮಾಡುತ್ತಿದ್ದಾನೆಂದು ಭಾವಿಸುತ್ತಾಳೆ. ಆಕೆ ಕೆಟ್ಟವಳಲ್ಲ. ಆದರೆ ಆ ಒಂದು ಊಹೆಯಲ್ಲಿ ಯಂಗ್ ವೂ ಹೆಣ್ಣಾಗಿ ಉಳಿಯುವುದಿಲ್ಲ, ಸೇವೆಯ ವಸ್ತುವಾಗುತ್ತಾಳೆ. ಮುಂದೆ ಜುನ್ ಹೋನ ಅಕ್ಕ, ನೀನು ನೋಡಿಕೊಳ್ಳಬೇಕಾದವಳನ್ನಲ್ಲ, ನಿನ್ನನ್ನು ಸುಖವಾಗಿಡುವವಳನ್ನು ತಾ ಎಂಬರ್ಥದಲ್ಲಿ ತಮ್ಮನಿಗೆ ಹೇಳುವುದು ಯಂಗ್ ವೂಳ ಕಿವಿಗೆ ಬೀಳುತ್ತದೆ. ಆಕೆ ಅವನಿಂದ ದೂರ ಸರಿಯುತ್ತಾಳೆ. ಇದಕ್ಕೆ ಉತ್ತರ ಕೊನೆಯ ಕಂತಿನಲ್ಲಿ ಬರುತ್ತದೆ. ನಿನ್ನ ಮೇಲಿನ ನನ್ನ ಪ್ರೀತಿ ಬೆಕ್ಕಿನ ಮೇಲೆ ಇಟ್ಟ ಒಮ್ಮುಖ ಪ್ರೀತಿಯಂತೆ ಎಂದು ಅವನು ಹೇಳಿದರೆ, ಬೆಕ್ಕೂ ತನ್ನವರನ್ನು ಪ್ರೀತಿಸುತ್ತದೆ ಎಂದು ಆಕೆ ಹೇಳುತ್ತಾಳೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ಶಾರುಕ್ ಖಾನ್, ಪ್ರಿಯಾಂಕಾ ಚೋಪ್ರಾ, ಆಡಂ ಆಗಿ ನಟಿಸಿದ ಹ್ಯೂ ಡ್ಯಾನ್ಸಿ, ಪಾರ್ಕ್ ಉನ್ ಬಿನ್ ಇವರೆಲ್ಲ ಅಧ್ಯಯನ ಮಾಡಿ ಅಭಿನಯಿಸಿದ ಕಲಾವಿದರು. ಅಂದರೆ ಆಟಿಸಂ ಇಲ್ಲದವರು, ಆಟಿಸಂ ಇಲ್ಲದವರಿಗಾಗಿ ಹೇಳಿದ ಕಥೆಗಳಿವು. 2017ರ ‘ಕೀಪ್ ದಿ ಚೇಂಜ್’ ಚಿತ್ರದಲ್ಲಿ ಆಟಿಸಂ ಇರುವವರೇ ಪ್ರೇಮಿಗಳ ಪಾತ್ರ ಮಾಡಿದರು. 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ‘ಲವ್ ಆನ್ ದಿ ಸ್ಪೆಕ್ಟ್ರಂ’ ಸಾಕ್ಷ್ಯ ಸರಣಿಯಲ್ಲಿ ಅಂಥ ಯುವಕ ಯುವತಿಯರು ಸಂಗಾತಿಯನ್ನು ಹುಡುಕುತ್ತಾ ತಮ್ಮ ಬಯಕೆಗಳನ್ನು ತಾವೇ ಹೇಳಿಕೊಂಡರು. ಅದು ಅವರನ್ನು ಮಕ್ಕಳಂತೆ ತೋರಿಸುತ್ತದೆ ಎಂಬ ಆಕ್ಷೇಪವೂ ಬಂತು. ಆದರೂ ನಮಗೂ ಒಬ್ಬ ಜೊತೆಗಾರ ಬೇಕು ಎಂಬ ಮಾತನ್ನು ಅವರ ಬಾಯಿಂದಲೇ ಕೇಳುವಂತಾಯಿತು.

ಇದೆಲ್ಲ ನನಗೆ ಬರೀ ಸಿನಿಮಾದ ವಿಷಯವಲ್ಲ. ನನ್ನ ಅಕ್ಕನ ಮಗನಿಗೆ ಆಟಿಸಂ ಇದೆ. ಈಗ ಇಪ್ಪತ್ತಾರು ವರ್ಷ. ಸಂಬಂಧಿಕರ ಬಟ್ಟೆ ಅಂಗಡಿಯಲ್ಲಿ ದಾಸ್ತಾನಿನ ಲೆಕ್ಕ ನೋಡಿಕೊಳ್ಳುತ್ತಾನೆ. ಒಂದು ಮೀಟರ್ ಬಟ್ಟೆಯೂ ಲೆಕ್ಕ ತಪ್ಪುವುದಿಲ್ಲ. ಮಂದಿರಾ ಗಂಡನನ್ನು ಹೊರಗಟ್ಟುವ ದೃಶ್ಯ ಟಿವಿಯಲ್ಲಿ ಬಂದಾಗ ಅವನು ನನ್ನನ್ನು ಕೇಳಿದ್ದ: “ಖಾಲಾ, ಅವಳು ಹೇಳಿದ್ದನ್ನೇ ಅವನು ಮಾಡಿದ. ಮತ್ತೆ ಯಾಕೆ ಅಳ್ತಾಳೆ?” ಕೋಪ ಬಂದಾಗ ಜನ ತಮಗೆ ಬೇಡವಾದದ್ದನ್ನೂ ಹೇಳುತ್ತಾರೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಯಾವುದು ನಿಜ ಅಂತ ಅವಳೇ ಹೇಳಬೇಕಲ್ಲ?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈಚೆಗೆ ಅವನ ಮದುವೆಯ ಮಾತು ಎದ್ದಿದೆ. ಸಂಬಂಧ ತರುವವರೊಬ್ಬರು, “ಹುಡುಗಿ ಕಡೆಯವರಿಗೆ ಏನೂ ಹೇಳೋದು ಬೇಡ ಆಪಾ, ಸ್ವಲ್ಪ ಮಾತು ಕಡಿಮೆ ಅನ್ನಿ ಸಾಕು. ಮದುವೆಯಾದ ಮೇಲೆ ಎಲ್ಲ ಸರಿ ಹೋಗುತ್ತೆ” ಎಂದು ಅಕ್ಕನಿಗೆ ಧೈರ್ಯ ಹೇಳಿದರು. ಒಳಗಿದ್ದ ಹುಡುಗ ಹೊರಗೆ ಬಂದು, “ನಾನು ಹೇಳ್ತೀನಿ” ಎಂದ. ಅಷ್ಟೇ. ಅಂದಿನಿಂದ ಬಂದವರಿಗೆಲ್ಲ ಅಕ್ಕ ಮೊದಲೇ ವಿಷಯ ತಿಳಿಸುತ್ತಾಳೆ. ಎರಡು ಕಡೆಯವರು ಮರಳಿ ಬರಲಿಲ್ಲ. ಇನ್ನೊಂದು ಮನೆಯ ಹುಡುಗಿ, ಅವರನ್ನು ಕೂತು ಮಾತಾಡಿಸಿ ನೋಡಬೇಕು ಎಂದು ಹೇಳಿ ಕಳುಹಿಸಿದ್ದಾಳೆ. ಮುಂದೇನೋ ಅಲ್ಲಾಹನೇ ಬಲ್ಲ.

ಮದುವೆ ಆಟಿಸಂಗೆ ಔಷಧಿಯಲ್ಲ. ಅದು ವಾಸಿಯಾಗಬೇಕಾದ ಜ್ವರವೂ ಅಲ್ಲ, ಹುಟ್ಟಿನಿಂದ ಬಂದ ಸ್ವಭಾವ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ವರ್ಗಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಕಾನೂನು ಗುರುತಿಸಿದ್ದನ್ನು ಮದುವೆಯ ಮಾತುಕತೆಯಲ್ಲಿ ಬಚ್ಚಿಡುತ್ತೇವೆ. ನಿಕಾಹ್ ಎಂದರೆ ಒಂದು ಕರಾರು. ಎರಡೂ ಕಡೆಯ ಒಪ್ಪಿಗೆ ಅದರ ಬುನಾದಿ. ಏನನ್ನು ಒಪ್ಪುತ್ತಿದ್ದೇನೆ ಎಂದು ತಿಳಿಯದ ಹುಡುಗಿಯ ‘ಕಬೂಲ್’ ಎಂಬ ಮಾತಿಗೆ ಏನು ಬೆಲೆ? ಅದೇ ರೀತಿ, ಇವನಿಗೇನು ತಿಳಿಯುತ್ತದೆ ಎಂದು ಹುಡುಗನನ್ನು ಕೇಳದೆಯೇ ನಡೆಸುವ ಮದುವೆಯೂ ಅನ್ಯಾಯವೇ. ಇವರಿಗೆ ಮದುವೆಯೇ ಬೇಡ ಎಂದು ನಾವೇ ತೀರ್ಮಾನಿಸುವುದೂ ಅಷ್ಟೇ ಅನ್ಯಾಯ. ಆಟಿಸಂ ಇರುವ ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ತೀರ್ಮಾನ ಬಹು ಬೇಗ ಆಗಿಬಿಡುತ್ತದೆ.

ಹೆಂಡತಿಗಾಗಿ ಅಮೆರಿಕದ ಅಧ್ಯಕ್ಷರನ್ನು ಭೇಟಿಯಾಗುವ ಗಂಡನ ಸಿನಿಮಾ ನೋಡಿದ್ದಾಯಿತು. ಇನ್ನು ನಾನು ನೋಡಬಯಸುವ ಸಿನಿಮಾ ಬಹಳ ಚಿಕ್ಕದು. ಅದರಲ್ಲಿ ಹೆಂಡತಿ ಕೆಲಸದಿಂದ ದಣಿದು ಬಂದಿರುತ್ತಾಳೆ. ಗಂಡನಿಗೆ ಆಕೆಯ ಮುಖ ನೋಡಿ ಅದು ತಿಳಿಯುವುದಿಲ್ಲ. ಅವನು ತಿಳಿದುಕೊಳ್ಳಲಿ ಎಂದು ಆಕೆ ಮುಖ ಊದಿಸಿ ಕೂರುವುದಿಲ್ಲ. ಇವತ್ತು ನನಗೆ ಆಗುವುದಿಲ್ಲ, ಅನ್ನಕ್ಕೆ ನೀವೇ ಇಡಿ ಎನ್ನುತ್ತಾಳೆ. ಅವನು ಎದ್ದು ಹೋಗಿ ಅಕ್ಕಿ ತೊಳೆಯುತ್ತಾನೆ.